ಶಾಲೆಯ ಸುತ್ತಲಿನ ಅಪಾಯ: ಹುಡುಕಿ, ಅಳೆದು, ಕಡಿಮೆ ಮಾಡುವ ಬಗೆ

ಬೆಣ್ಣಿಹಳ್ಳ ವರ್ಷದ ಬಹುಪಾಲು ದಿನ ಚಪ್ಪಲಿ ಕೈಯಲ್ಲಿ ಹಿಡಿದು ದಾಟುವಷ್ಟೇ ಇರುತ್ತದೆ. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳ ಎರೆ ಹೊಲಗಳ ನಡುವೆ ಹರಿದು, ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯನ್ನು ಸೇರುತ್ತದೆ. ಮೇಲೆ ಕುಂದಗೋಳದ ಕಡೆ ರಾತ್ರಿ ಜೋರು ಮಳೆಯಾದರೆ ಸಾಕು, ನವಲಗುಂದದಲ್ಲಿ ಒಂದು ಹನಿ ಬೀಳದಿದ್ದರೂ ಬೆಳಗಾಗುವಷ್ಟರಲ್ಲಿ ‘ಹಳ್ಳ ಬಂದೈತಿ’ ಎಂಬ ಸುದ್ದಿ. ನೆಲ ಸಪಾಟು, ನೆನೆದ ಎರೆ ಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದಿಲ್ಲ. ಹಾಗಾಗಿ ನೀರು ದಂಡೆ ಬಿಟ್ಟು ಹೊಲದ ಅಗಲಕ್ಕೆ ಹರಡುತ್ತದೆ.

ಜೋರು ಮಳೆ, ಉಕ್ಕುವ ಹಳ್ಳ ಇವು ಅಪಾಯ. ಯಾರೂ ಇಲ್ಲದ ಬಯಲಿನಲ್ಲಿ ಹಳ್ಳ ಉಕ್ಕಿ ಇಳಿದರೆ ಅದು ಸುದ್ದಿಯೂ ಆಗುವುದಿಲ್ಲ. ಅದರ ದಾರಿಯಲ್ಲಿ ಮನೆ, ಶಾಲೆ, ಬಸ್ಸು, ಬೆಳೆ ಇದ್ದರೆ ಅಪಾಯಕ್ಕೆ ಸಿಗುವವರು ಇದ್ದಾರೆ ಎಂದಾಯಿತು. ಒಂದೇ ಮಟ್ಟದ ನೀರು ಎರಡು ಮನೆಗಳ ಬಾಗಿಲಿಗೆ ಬಂದಾಗ, ಕಲ್ಲಿನ ಬುನಾದಿಯ ಮನೆ ನಿಂತು ಮಣ್ಣಿನ ಗೋಡೆಯ ಮನೆ ಕುಸಿದರೆ ಆ ವ್ಯತ್ಯಾಸ ದುರ್ಬಲತೆಯದು. ಮುನ್ನೆಚ್ಚರಿಕೆ, ಹಗ್ಗ, ಎತ್ತರದ ಜಾಗ, ತರಬೇತಿ ಇರುವುದು ಸಾಮರ್ಥ್ಯ. ಮೊದಲ ಮೂರು ಹೆಚ್ಚಿದಷ್ಟೂ ರಿಸ್ಕ್, ಅಂದರೆ ಹಾನಿಯಾಗುವ ಸಂಭವ, ಏರುತ್ತದೆ, ಸಾಮರ್ಥ್ಯ ಹೆಚ್ಚಿದಷ್ಟೂ ಇಳಿಯುತ್ತದೆ. ಹಾನಿಯು ಊರಿನವರು ತಮ್ಮ ಕೈಯಲ್ಲಿದ್ದುದರಿಂದ ನಿಭಾಯಿಸಲಾಗದ ಹಂತಕ್ಕೆ ಹೋದಾಗ ಅದು ವಿಪತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ವ್ಯಾಖ್ಯೆಯ ತಿರುಳೂ ಇದೇ.

ಮಳೆಯನ್ನು ನಿಲ್ಲಿಸುವುದು ಯಾರಿಂದಲೂ ಆಗದು. ಉಳಿದದ್ದರಲ್ಲಿ ಹೈಸ್ಕೂಲ್ ಮಕ್ಕಳು ಮಾಡಬಹುದಾದ ಕೆಲಸ ಬಹಳಷ್ಟಿದೆ, ಅದೂ ಕಡಿಮೆ ಖರ್ಚಿನಲ್ಲಿ. ಎಂಟರಿಂದ ಹತ್ತು ಜನರ ತಂಡ, ಜೊತೆಗೊಬ್ಬ ಶಿಕ್ಷಕರು, ನಾಲ್ಕು ಶನಿವಾರ ಇದ್ದರೆ ಮೊದಲ ಸುತ್ತು ಮುಗಿಯುತ್ತದೆ; ಮಳೆ, ಬಿರುಕಿನ ಅಳತೆ ಆಮೇಲೂ ನಡೆಯುತ್ತಿರುತ್ತದೆ.

ಮೊದಲ ಹೆಜ್ಜೆ: ನೀರು ಯಾವ ಕಡೆ ಹೋಗುತ್ತದೆ?

ನಕ್ಷೆ ಬರೆಯುವ ಮುನ್ನ ಇದೊಂದು ಪ್ರಶ್ನೆಗೆ ಉತ್ತರ ಬೇಕು. ಧಾರವಾಡದಂಥ ಊರಿನಲ್ಲಿ ಇದು ಅಷ್ಟು ಸುಲಭವಲ್ಲ. ಊರು ಜಲವಿಭಾಜಕದ ಮೇಲಿದೆ: ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ, ಪೂರ್ವಕ್ಕೆ ಇಳಿದ ನೀರು ಮಲಪ್ರಭೆ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ. ಹುಬ್ಬಳ್ಳಿಯವರು ಉಣಕಲ್ ಕೆರೆಯ ಕೋಡಿ ನೀರು ಯಾವ ನಾಲೆ ಹಿಡಿದು ಯಾವ ಓಣಿಯ ಬೆನ್ನಿಗೆ ಹರಿಯುತ್ತದೆ ಎಂದು ನೋಡಬೇಕು. ಹಾವೇರಿ ಜಿಲ್ಲೆಯಲ್ಲಿ ವರದಾ, ಧರ್ಮಾ, ಕುಮುದ್ವತಿ, ತುಂಗಭದ್ರೆಗಳಲ್ಲಿ ನಿಮ್ಮದು ಯಾವುದು? ನರಗುಂದ, ರೋಣದ ಹೊಳೆದಂಡೆಯ ಊರುಗಳಿಗೆ ಇನ್ನೊಂದು ಲೆಕ್ಕವೂ ಇದೆ: ಸ್ಥಳೀಯ ಮಳೆಯ ಜೊತೆಗೆ ಮಲಪ್ರಭೆಯ ನವಿಲುತೀರ್ಥ ಜಲಾಶಯದಿಂದ ಬಿಡುವ ನೀರು. 2019ರ ಆಗಸ್ಟ್‌ನಲ್ಲಿ ಕೊಣ್ಣೂರು, ಲಖಮಾಪುರದ ಕಡೆ ಹೊಳೆ ಊರೊಳಗೆ ಬಂದದ್ದು ಹಾಗೆ.

ಒಂದು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಶಾಲೆಯನ್ನು ನಡುವೆ ಇಟ್ಟು, ಸುತ್ತ 500 ಮೀಟರ್ ಬರುವಂತೆ ನಕ್ಷೆ ಹಾಕಿ. 1 ಸೆಂ.ಮೀ.ಗೆ 20 ಮೀಟರ್ ಅಳತೆ ಹಿಡಿದರೆ ನಕ್ಷೆ 50 ಸೆಂ.ಮೀ. ಅಗಲದಲ್ಲಿ ಮುಗಿಯುತ್ತದೆ. ದೂರವನ್ನು ಹೆಜ್ಜೆಯಲ್ಲಿ ಅಳೆಯಬಹುದು. ಮೊದಲು 50 ಮೀಟರ್ ಟೇಪ್ ಹಾಸಿ ನಿಮ್ಮ ಹೆಜ್ಜೆ ಎಷ್ಟು ಎಂದು ಲೆಕ್ಕ ಹಾಕಿಕೊಳ್ಳಿ. ಉತ್ತರ ದಿಕ್ಕು, ಇಳಿಜಾರಿನ ಬಾಣ, ಗಟಾರ, ಸೇತುವೆ, ಟ್ರಾನ್ಸ್‌ಫಾರ್ಮರ್, ಜೋತುಬಿದ್ದ ತಂತಿ, ತೆರೆದ ಬಾವಿ, ಕೃಷಿ ಹೊಂಡ, ಒಂಟಿ ಮರ, ವಾಲಿದ ಕಂಪೌಂಡ್, ಪೆಟ್ರೋಲ್ ಬಂಕ್, ಪಟಾಕಿ ಅಥವಾ ಹತ್ತಿಯ ಗೋದಾಮು, ಎಲ್ಲವೂ ಬರಲಿ. ಜೊತೆಗೆ ಒಬ್ಬರೇ ಇರುವ ವೃದ್ಧರ, ನಡೆಯಲಾಗದವರ, ಬಾಣಂತಿಯರ ಮನೆಗಳೂ. ಈ ಮನೆಗಳ ಗುರುತು ತಂಡದ ಪ್ರತಿಯಲ್ಲಿ ಮಾತ್ರ ಇರಲಿ, ಗೋಡೆಗೆ ಅಂಟಿಸುವ ನಕ್ಷೆಯಲ್ಲಿ ಬೇಡ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು: ಎಲ್ಲರೂ ಬೇಸಿಗೆಯ ಬಿಸಿಲಲ್ಲಿ ಸುತ್ತಾಡಿ ನಕ್ಷೆ ಬರೆಯುತ್ತಾರೆ. ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಒಂದು ಹದ ಮಳೆ ಬಿದ್ದ ಮರುದಿನ ಸುತ್ತಿದರಷ್ಟೇ ಕಾಣುತ್ತದೆ.

ಎರಡನೆಯದು: ಹಳೆಯ ನೀರಿನ ಗೆರೆಯನ್ನು ಶಾಲೆಗೆ ತರುವುದು

ಊರಿನ ಹಿರಿಯರನ್ನು ಕೇಳುವಾಗ ‘ನೆರೆ ಬಂದಿತ್ತಾ?’ ಎಂದರೆ ‘ಬಂದಿತ್ತು’ ಎಂಬುದಷ್ಟೇ ಸಿಗುತ್ತದೆ. ‘2009ರ ಹಸ್ತ ಮಳೆಗೆ ನೀರು ನಿಮ್ಮ ಕಟ್ಟೆಯ ಎಷ್ಟನೇ ಮೆಟ್ಟಿಲಿಗೆ ಬಂದಿತ್ತು ಅಜ್ಜಾ, ತೋರಿಸ್ರಿ’ ಎಂದು ಕೇಳಿ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ಉತ್ತರ ಕರ್ನಾಟಕವನ್ನೇ ಮುಳುಗಿಸಿತ್ತು. ನೆನಪಿರುವವರು ಬಹಳ ಜನ. ಅವರು ಬೆರಳಿಟ್ಟ ಜಾಗಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಕನಿಷ್ಠ ಮೂರು ಮನೆಗಳಲ್ಲಿ ಕೇಳಬೇಕು. ಎರಡು ಗೆರೆ ತಾಳೆಯಾಗಿ ಒಂದು ಒಂದಡಿ ಮೇಲಿದ್ದರೆ, ಆ ಒಂದನ್ನು ಬದಿಗಿಡಿ.

ಈಗ ಆ ಮಟ್ಟ ನಿಮ್ಮ ಶಾಲೆಯಲ್ಲಿ ಎಲ್ಲಿಗೆ ಬರುತ್ತದೆ? ಗೌಂಡಿಗಳು ಬಳಸುವ ಲೆವೆಲ್ ಪೈಪೇ ಇದಕ್ಕೆ ಸಾಕು. 10ರಿಂದ 15 ಮೀಟರ್ ಉದ್ದದ, ಒಳಗಿನ ನೀರು ಕಾಣುವ ಪ್ಲಾಸ್ಟಿಕ್ ಪೈಪು ತನ್ನಿ. ಒಂದು ತುದಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಇನ್ನೊಂದರಿಂದ ಎಳೆದು ನೀರು ತುಂಬಿ; ಎರಡೂ ತುದಿಯಲ್ಲಿ ಒಂದೊಂದಡಿ ಖಾಲಿ ಇರಲಿ. ಒಂದು ಹನಿ ಶಾಯಿ ಹಾಕಿದರೆ ಮಟ್ಟ ಚೆನ್ನಾಗಿ ಕಾಣುತ್ತದೆ. ಮೊದಲು ಎರಡೂ ತುದಿಗಳನ್ನು ಪಕ್ಕಪಕ್ಕ ಹಿಡಿದು ನೋಡಿ. ನೀರು ಒಂದೇ ಮಟ್ಟದಲ್ಲಿ ನಿಲ್ಲದಿದ್ದರೆ ಪೈಪಿನಲ್ಲಿ ಗಾಳಿಗುಳ್ಳೆ ಇದೆ. ಬೆರಳಿನಿಂದ ತಟ್ಟುತ್ತಾ ಒಂದು ತುದಿಯನ್ನು ಮೇಲೆತ್ತಿ ಹೊರಗೆ ಕಳಿಸಿ. ಆಮೇಲೆ ಒಬ್ಬರು ಒಂದು ತುದಿಯ ನೀರು ಚಾಕಿನ ಗೆರೆಗೆ ಸರಿಯಾಗಿ ನಿಲ್ಲುವಂತೆ ಹಿಡಿಯಿರಿ, ಇನ್ನೊಬ್ಬರು ಮುಂದಿನ ಕಂಬದ ಬಳಿ ನಿಂತು ಅಲ್ಲಿ ನೀರು ನಿಂತ ಮಟ್ಟಕ್ಕೆ ಗುರುತು ಹಾಕಿ. ಆ ಗುರುತಿನಿಂದ ಅದರ ಮುಂದಿನದಕ್ಕೆ. ನಡೆಯುವಾಗ ನೀರು ಚೆಲ್ಲದಂತೆ ತುದಿಗೆ ಹೆಬ್ಬೆರಳು ಒತ್ತಿರುತ್ತೀರಿ; ಮಟ್ಟ ಓದುವಾಗ ಎರಡೂ ಕಡೆ ಬೆರಳು ತೆಗೆಯಲೇಬೇಕು. ಒಬ್ಬರು ಮರೆತರೂ ಅಳತೆ ಪೂರ್ತಿ ಸುಳ್ಳಾಗುತ್ತದೆ.

ಗುರುತು ನೆಲಕ್ಕಿಂತ ಕೆಳಗೆ ಹೋಗುವಷ್ಟು ದಿಬ್ಬ ಎದುರಾದರೆ ಗುರುತನ್ನು ಸರಿಯಾಗಿ 1 ಮೀಟರ್ ಮೇಲಕ್ಕೆ ಏರಿಸಿ, ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಮುಂದುವರಿಯಿರಿ. ಕೊನೆಗೆ ಅಷ್ಟನ್ನು ಕಳೆಯಿರಿ. ಒಂದೊಂದು ವರ್ಗಾವಣೆಯಲ್ಲಿ ಕೆಲವು ಮಿಲಿಮೀಟರ್ ತಪ್ಪುವುದು ಸಹಜ. ಇಪ್ಪತ್ತು ಬಾರಿ ಮಾಡಿದರೂ ನಾಲ್ಕೈದು ಬೆರಳಿಗಿಂತ ಹೆಚ್ಚು ವ್ಯತ್ಯಾಸ ಬಾರದು, ನಮ್ಮ ಕೆಲಸಕ್ಕೆ ಅದು ಸಾಕು.

ಗೆರೆ ಶಾಲೆಯ ಗೋಡೆಗೆ ಬಂದ ಕೂಡಲೇ ಮಾಡಬೇಕಾದ ಕೆಲಸ ತಾನಾಗಿ ಕಾಣುತ್ತದೆ. ಬಿಸಿಯೂಟದ ಅಕ್ಕಿ ಮೂಟೆ ಗೆರೆಯ ಕೆಳಗಿದೆಯೇ? ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರ್ ಇರುವ ಕಪಾಟಿನ ಕೆಳ ಅರೆ? ಕಂಪ್ಯೂಟರ್ ಕೋಣೆಯ ಪ್ಲಗ್ ಪಾಯಿಂಟ್? ಇವನ್ನು ಗೆರೆಗಿಂತ ಕನಿಷ್ಠ 30 ಸೆಂ.ಮೀ. ಮೇಲಕ್ಕೆ ಏರಿಸಲು ದೊಡ್ಡ ಅನುದಾನವೇನೂ ಬೇಡ.

ಮೂರನೆಯದು: ಮಳೆ ಅಳೆಯುವುದು, ಮೇಲಿನವರಿಗೆ ಫೋನ್ ಮಾಡುವುದು

ನೆಟ್ಟಗಿನ ಗೋಡೆಯ, ಸಪಾಟು ತಳದ ಯಾವುದೇ ಡಬ್ಬಿ ಮಳೆಮಾಪಕವಾಗುತ್ತದೆ. ಬಾಯಿ ಮತ್ತು ತಳ ಒಂದೇ ಅಗಲ ಇರಬೇಕು, ಅಷ್ಟೇ. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರ ಇಡಿ. ಮಾಳಿಗೆಯ ಮೇಲೆ ಬೇಡ, ಅಲ್ಲಿನ ಗಾಳಿಗೆ ಹನಿ ಆಚೆ ಹೋಗುತ್ತದೆ. ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲಿನಿಂದ ಆಳ ಅಳೆದು ಬರೆದು, ನೀರು ಚೆಲ್ಲಿ. ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಮುಗಿಸುವುದೂ ಇದೇ ಹೊತ್ತಿಗೆ.

ಒಂದು ದಿನದಲ್ಲಿ 64.5 ಮಿ.ಮೀ. ದಾಟಿದರೆ ಇಲಾಖೆಯ ಲೆಕ್ಕದಲ್ಲಿ ‘ಭಾರಿ ಮಳೆ’, 115.6ರಿಂದ ‘ಅತಿ ಭಾರಿ’, 204.4 ದಾಟಿದರೆ ‘ಅತ್ಯಂತ ಭಾರಿ’. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಎಕರೆ ಆಟದ ಮೈದಾನದ ಮೇಲೆ 65 ಮಿ.ಮೀ. ಬಿದ್ದರೆ ಸುಮಾರು 2 ಲಕ್ಷ 63 ಸಾವಿರ ಲೀಟರ್. ಇಷ್ಟು ನೀರು ಗೇಟಿನ ಪಕ್ಕದ ಆರಿಂಚಿನ ಪೈಪಿನಲ್ಲಿ ಹೋಗಬೇಕೆಂದರೆ ಕಂಪೌಂಡ್ ಗೋಡೆಯ ಗತಿ ಏನು, ಗಣಿತದ ಮೇಷ್ಟ್ರ ಜೊತೆ ಕೂತು ಲೆಕ್ಕ ಹಾಕಿ ನೋಡಿ.

ಹಳ್ಳದ ದಂಡೆಯ ಊರಿನವರು ಸೇತುವೆಯ ಕಂಬಕ್ಕೆ 25 ಸೆಂ.ಮೀ.ಗೊಂದರಂತೆ ಬಣ್ಣದ ಪಟ್ಟೆ ಹಾಕಿಸಿ. ಈ ಕೆಲಸ ಹಳ್ಳ ಒಣಗಿದಾಗ, ದೊಡ್ಡವರ ಕೈಯಿಂದ. ಮಟ್ಟ ಓದುವುದು ದಂಡೆಯ ಮೇಲಿನ ಸುರಕ್ಷಿತ ಜಾಗದಿಂದ ಮಾತ್ರ. ಹಳ್ಳದ ಮೇಲ್ಭಾಗದ ಒಂದು ಶಾಲೆಯ ಶಿಕ್ಷಕರ ಫೋನ್ ನಂಬರ್ ಇಟ್ಟುಕೊಳ್ಳಿ. ಅಲ್ಲಿ ನೀರು ಏರಿದ ಗಂಟೆ, ಇಲ್ಲಿ ಏರಿದ ಗಂಟೆ ಎರಡನ್ನೂ ಮೂರ್ನಾಲ್ಕು ಮಳೆಗೆ ಬರೆದಿಟ್ಟರೆ ನಿಮ್ಮ ಊರಿಗೆ ಎಷ್ಟು ಗಂಟೆ ಮುಂಚೆ ಸುದ್ದಿ ಸಿಗುತ್ತದೆ ಎಂಬ ಅಂಕಿ ಕೈಗೆ ಬರುತ್ತದೆ. ಈ ಒಂದು ಅಂಕಿ ಯಾವ ಆ್ಯಪ್‌ನಲ್ಲೂ ಸಿಗದು.

ಇನ್ನೊಂದು ಪಟ್ಟಿ ಜೂನ್ ತಿಂಗಳಲ್ಲೇ ಸಿದ್ಧವಿರಲಿ: ಹಳ್ಳದ ಆಚೆಯಿಂದ ಬರುವ ಮಕ್ಕಳು ಯಾರು, ಹಳ್ಳ ಬಂದ ರಾತ್ರಿ ಈಚೆ ಊರಿನಲ್ಲಿ ಯಾರ ಮನೆಯಲ್ಲಿ ಉಳಿಯುತ್ತಾರೆ. ಎರಡೂ ಮನೆಯವರ ಒಪ್ಪಿಗೆ ಮೊದಲೇ ಪಡೆದಿರಬೇಕು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೂ ‘ಮನೀಗೆ ಹೋಗಬೇಕು’ ಎಂಬ ಅವಸರದಲ್ಲಿ ದಾಟಲು ಹೋಗುವುದರಿಂದಲೇ ಜೀವ ಹೋಗುತ್ತದೆ. 15 ಸೆಂ.ಮೀ. ಆಳದ ರಭಸದ ನೀರು ನಡೆಯುವವರನ್ನು ಕೆಡವಬಲ್ಲದು, 30 ಸೆಂ.ಮೀ. ಸಣ್ಣ ಕಾರನ್ನು ತೇಲಿಸಬಲ್ಲದು. ಕೆನ್ನೀರಿನ ಕೆಳಗೆ ರಸ್ತೆ ಇನ್ನೂ ಉಳಿದಿದೆಯೋ ಕೊಚ್ಚಿಹೋಗಿದೆಯೋ, ಡ್ರೈವರ್ ಕಣ್ಣಿಗೂ ಕಾಣುವುದಿಲ್ಲ.

ನಾಲ್ಕನೆಯದು: ಅಂಕ ಹಾಕಿ ಸಾಲು ಹಚ್ಚುವುದು

ನಕ್ಷೆಯಲ್ಲಿ ಇಪ್ಪತ್ತು ಅಪಾಯ ಸಿಗುತ್ತವೆ, ಎಲ್ಲವನ್ನೂ ಒಮ್ಮೆಗೆ ಸರಿಮಾಡಲಾಗದು. ‘ಎಷ್ಟು ಸಲ ಆಗಬಹುದು’ ಎಂಬುದಕ್ಕೆ 1ರಿಂದ 5, ‘ಆದರೆ ಎಷ್ಟು ಹಾನಿ’ ಎಂಬುದಕ್ಕೆ 1ರಿಂದ 5 ಕೊಟ್ಟು ಗುಣಿಸಿ. ಭೂಕಂಪಕ್ಕೆ ನಮ್ಮ ಕಡೆ 1×5 = 5 ಬಂದೀತು. ಕೊಯ್ನಾ (1967), ಕಿಲ್ಲಾರಿ (1993) ಎರಡೂ ಮಹಾರಾಷ್ಟ್ರದವು, ಆದರೆ ಇಲ್ಲಿಂದ ಬಹಳ ದೂರವೇನಲ್ಲ. ಆದ್ದರಿಂದ ಸೊನ್ನೆ ಹಾಕುವಂತಿಲ್ಲ. ಬೇಲಿಯಿಲ್ಲದ ಕೃಷಿ ಹೊಂಡ ಶಾಲೆಯ ದಾರಿಯಲ್ಲಿದ್ದರೆ 3×5 = 15. ಶಾಲೆಯ ಮುಂದೆ ಹೆದ್ದಾರಿ ದಾಟುವುದು 4×5 = 20. ಅಂಕ ಹಾಕುವಾಗ ಪ್ರತಿಯೊಬ್ಬರೂ ಮೊದಲು ತಮ್ಮ ಚೀಟಿಯಲ್ಲಿ ಬರೆಯಲಿ, ಆಮೇಲೆ ಚರ್ಚೆ. ಇಲ್ಲದಿದ್ದರೆ ಜೋರು ಬಾಯಿಯವರ ಅಂಕವೇ ಎಲ್ಲರ ಅಂಕವಾಗುತ್ತದೆ, ಟಿವಿಯಲ್ಲಿ ಕಂಡ ಅಪಾಯ ಮೇಲೇರಿ ದಿನಾ ಕಾಣುವ ಅಪಾಯ ಕೆಳಗಿಳಿಯುತ್ತದೆ.

ಐದನೆಯದು: ಒಂದೊಂದಾಗಿ ಕಡಿಮೆ ಮಾಡುವುದು

ಕೃಷಿ ಹೊಂಡ. ಬರದ ಸೀಮೆಗೆ ಇದು ಉಪಕಾರಿಯೇ. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ, ಇಳಿಜಾರು ಬದಿ, ಮೇಲೆ ತೆಳ್ಳಗೆ ಪಾಚಿ, ಇವು ಮೂರೂ ಸೇರಿದಲ್ಲಿ ಕಾಲು ಜಾರಿದವರು ಈಜು ಬಂದರೂ ಮೇಲೆ ಹತ್ತಲಾರರು. ಹಿಡಿಯಲು ಏನೂ ಇರುವುದಿಲ್ಲ. ಒಬ್ಬರನ್ನು ಎಳೆಯಲು ಇಳಿದ ಇನ್ನೊಬ್ಬರೂ ಅಲ್ಲೇ ಉಳಿಯುತ್ತಾರೆ. ಪರಿಹಾರ ಹೀಗೆ: ದಪ್ಪ ನೈಲಾನ್ ಹಗ್ಗಕ್ಕೆ ಒಂದೊಂದಡಿಗೆ ಗಂಟು ಹಾಕಿ, ದಂಡೆಯ ಮೇಲೆ ಎರಡಡಿ ಹೂತ ಕಲ್ಲಿನ ಕಂಬಕ್ಕೆ ಕಟ್ಟಿ, ನೀರಿನ ತಳದವರೆಗೆ ಬಿಡಬೇಕು, ನಾಲ್ಕೂ ಬದಿಗೆ ಒಂದೊಂದು. ಹಳೆಯ ಟೈರುಗಳನ್ನು ಹಗ್ಗಕ್ಕೆ ಪೋಣಿಸಿ ಇಳಿಬಿಟ್ಟರೆ ಇನ್ನೂ ಒಳ್ಳೆಯದು, ಕಾಲಿಡಲು ಮೆಟ್ಟಿಲಾಗುತ್ತದೆ, ಹಾಳೆಯೂ ಹರಿಯುವುದಿಲ್ಲ. ಪಕ್ಕದಲ್ಲಿ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ 10 ಮೀಟರ್ ಹಗ್ಗ ಕಟ್ಟಿ ನೇತುಹಾಕಿ. ಮುಳುಗುವವರಿಗೆ ಅದನ್ನು ಎಸೆಯಬೇಕು, ಇಲ್ಲವೇ ದಂಡೆಯ ಮೇಲೆ ಮಲಗಿ ಕೋಲು, ವೇಲ್, ಸೀರೆ ಚಾಚಬೇಕು. ನೀರಿಗೆ ಇಳಿಯಬಾರದು. ಹಗ್ಗ ಬಿಸಿಲಿಗೆ ಕೆಡುತ್ತದೆ. ವರ್ಷಕ್ಕೊಮ್ಮೆ ಇಬ್ಬರು ಎಳೆದು ನೋಡಿ ಬದಲಿಸಿ.

ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆ, ಮಣ್ಣಿನ ಗೋಡೆ. ಸೋರುವ ಮಾಳಿಗೆಗೆ ವರ್ಷವರ್ಷವೂ ಹೊಸ ಮಣ್ಣು ಹಾಕುತ್ತಾ ಹೋದರೆ ಭಾರ ಏರುತ್ತಲೇ ಇರುತ್ತದೆ. ಒಂದಡಿ ದಪ್ಪದ ಹಸಿ ಮಣ್ಣು ಒಂದು ಚದರ ಮೀಟರಿಗೆ ಅರ್ಧ ಟನ್ನಿಗೂ ಹೆಚ್ಚು ತೂಗುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಐದಾರು ಟನ್. ತೊಲೆಯ ತುದಿ ಗೋಡೆಯೊಳಗೆ ಕುಂಬಾಗಿದ್ದರೆ ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಚೂಪು ಮೊಳೆ ಒತ್ತಿ ನೋಡಿ, ಸಲೀಸಾಗಿ ಒಳಗಿಳಿದರೆ ಅಡಿಗೆ ಕಂಬ ಕೊಡಲೇಬೇಕು. ಹಳೆಯ ಮಣ್ಣನ್ನು ಕೆರೆದು ತೆಗೆದ ಮೇಲೆಯೇ ಹೊಸದನ್ನು ಹಾಕಬೇಕು. ಗೋಡೆ ಬೀಳುವುದು ಮಳೆ ಸುರಿಯುವಾಗ ಮಾತ್ರವಲ್ಲ. ಮೂರ್ನಾಲ್ಕು ದಿನದ ಜಿಟಿಜಿಟಿಗೆ ನೆನೆದ ಬುಡ ಮಳೆ ನಿಂತ ಮೇಲೂ ಕುಸಿಯುತ್ತದೆ. ಆ ದಿನಗಳಲ್ಲಿ ಅಂಥ ಗೋಡೆಯ ಬದಿಗೆ ಹಾಸಿಗೆ ಬೇಡ.

ಬಿರುಕು. ಎರೆ ಭೂಮಿ ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಬುನಾದಿ ಆಳಕ್ಕಿಲ್ಲದ ಕಟ್ಟಡದಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಬರುವುದು ಹೀಗೆ. ಸೀಳಿನ ಎರಡೂ ಬದಿಗೆ ಪೆನ್ಸಿಲ್ ಚುಕ್ಕೆ ಇಟ್ಟು, ನಡುವಿನ ದೂರ ಮತ್ತು ದಿನಾಂಕವನ್ನು ಗೋಡೆಯ ಮೇಲೇ ಬರೆಯಿರಿ, ತಿಂಗಳಿಗೊಮ್ಮೆ ಅಳೆಯಿರಿ. ಬೆಳೆಯುತ್ತಿದ್ದರೆ, ಅಥವಾ ಸೀಳಿನ ಅಗಲ 5 ಮಿ.ಮೀ. ದಾಟಿದ್ದರೆ ಎಂಜಿನಿಯರ್‌ಗೆ ತೋರಿಸಬೇಕು. ಸಿಮೆಂಟ್ ಮೆತ್ತಿ ಬಣ್ಣ ಬಳಿಯುವುದು ರಿಪೇರಿಯಲ್ಲ, ಸಾಕ್ಷಿ ಅಳಿಸಿದಂತೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದಾಗ ಮಳೆಯೂ ಇರಲಿಲ್ಲ, ಭೂಕಂಪವೂ ಇರಲಿಲ್ಲ. ಕಂಪೌಂಡ್ ಗೋಡೆಯ ಬುಡದಲ್ಲಿ ನೀರು ಹೋಗುವ ತೂತುಗಳಿವೆಯೇ, ಕಸ ತುಂಬಿದೆಯೇ ಎಂಬುದನ್ನು ಜೂನ್ ಮೊದಲ ವಾರದಲ್ಲೇ ನೋಡಿ.

ಹಗೇವು. ಗದಗ ಜಿಲ್ಲೆಯ ಹಳೆಯ ಊರುಗಳಲ್ಲಿ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವುಗಳು ಬಳಕೆ ತಪ್ಪಿ, ಎಲ್ಲಿವೆ ಎಂಬುದೂ ಮರೆತುಹೋಗಿದೆ. ಅಂತರ್ಜಲ ಏರಿದಾಗ, ಮೇಲೆ ಭಾರ ಬಿದ್ದಾಗ ಚಾವಣಿ ಕುಸಿಯುತ್ತದೆ. ನರಗುಂದದಲ್ಲಿ ನೆಲ ಕುಸಿದಾಗಲೆಲ್ಲ ಇವುಗಳ ಮಾತು ಬರುವುದು ಅದಕ್ಕೇ. ಹಿರಿಯರನ್ನು ಕೇಳಿ ನಕ್ಷೆಯಲ್ಲಿ ಗುರುತಿಸಿ. ಒಳಗೆ ಮಾತ್ರ ಯಾರೂ ಇಳಿಯಬಾರದು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ವಾಸನೆ ಬಾರದು, ಇಳಿದವರು ಕೂಗುವ ಮೊದಲೇ ಬೀಳುತ್ತಾರೆ. ದೀಪ ಇಳಿಬಿಟ್ಟು ಉರಿದರೆ ಸುರಕ್ಷಿತ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಬಿದ್ದವರಿದ್ದರೆ 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಿ.

ಸಿಡಿಲು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲೇ ಇದರ ಕಾಟ ಹೆಚ್ಚು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಒಳಗೆ ಹೋಗಬೇಕು, ಕೊನೆಯ ಗುಡುಗಾಗಿ 30 ನಿಮಿಷ ಹೊರಗೆ ಬರಬಾರದು. ಒಳಗೆ ಎಂದರೆ ಪಕ್ಕಾ ಕಟ್ಟಡ ಅಥವಾ ಗಾಜು ಏರಿಸಿದ ಬಸ್ಸು. ಹೊಲದ ಬೇವಿನ ಮರ, ತಗಡಿನ ಗುಡಿಸಲು ಅಲ್ಲ. ಕುರಿ ಕಾಯುವ ಮನೆಯ ಮಕ್ಕಳಿಗೆ ‘ದಾಮಿನಿ’, ‘ಸಿಡಿಲು’ ಆ್ಯಪ್‌ಗಳನ್ನು ಮನೆಯ ಫೋನಿಗೆ ಹಾಕಿಕೊಡಿ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಬಹುದು. ಉಸಿರು ನಿಂತಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರಂತೆ, 5 ಸೆಂ.ಮೀ. ಆಳ ಒತ್ತುತ್ತಿರಿ. ತುಂಡಾಗಿ ಬಿದ್ದ ವಿದ್ಯುತ್ ತಂತಿಯ ವಿಷಯ ಬೇರೆ: ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ತಿಳಿಸಿ, ಲೈನ್ ಬಂದ್ ಆಗುವವರೆಗೆ ಹತ್ತಿರ ಸುಳಿಯಬೇಡಿ.

ಆರನೆಯದು: ಅಣಕು ಕವಾಯತು

ಬಹಳ ಶಾಲೆಗಳಲ್ಲಿ ಎಲ್ಲಕ್ಕೂ ಒಂದೇ ಉದ್ದನೆಯ ಗಂಟೆ. ಬೆಂಕಿಗೆ ಮಕ್ಕಳು ಹೊರಗೆ ಓಡಬೇಕು, ಸಿಡಿಲಿಗೆ ಒಳಗೆ ಬರಬೇಕು; ಒಂದೇ ಗಂಟೆಯಾದರೆ ಅರ್ಧ ಮಕ್ಕಳು ತಪ್ಪು ಕಡೆ ಓಡುತ್ತಾರೆ. ಬಿಟ್ಟುಬಿಟ್ಟು ಹೊಡೆದರೆ ‘ಹೊರಗೆ’, ಎಡೆಬಿಡದೆ ಹೊಡೆದರೆ ‘ಒಳಗೆ’ ಎಂದು ನಿಗದಿ ಮಾಡಿ. ಗಂಟೆಯಿಂದ ಕೊನೆಯ ಮಗು ಮೈದಾನ ಮುಟ್ಟುವವರೆಗಿನ ಸಮಯ ಬರೆದುಕೊಳ್ಳಿ, ಹಾಜರಿ ಪುಸ್ತಕ ಹಿಡಿದು ತಲೆ ಎಣಿಸಿ. ಶೌಚಾಲಯದಲ್ಲಿದ್ದವರು, ಗಾಲಿಕುರ್ಚಿಯ ಮಗು, ಬಿಸಿಯೂಟದ ಅಡುಗೆಯವರು ಎಣಿಕೆಯಲ್ಲಿ ತಪ್ಪುವುದು ಯಾವಾಗಲೂ ಇದ್ದದ್ದೇ. ಒಂದು ಸಲ ಹೇಳದೆ, ಊಟದ ಹೊತ್ತಿನಲ್ಲಿ ಮಾಡಿ ನೋಡಿ.

ಕೊನೆಯದು: ಅರ್ಜಿ, ಹಸ್ತಾಂತರ

ನಿಮ್ಮ ಕೈಯಲ್ಲಿ ಆಗದವುಗಳನ್ನು ಅಂಕದ ಸಾಲಿನಲ್ಲೇ ಬರೆದು, ನಕ್ಷೆಯ ಪ್ರತಿ ಮತ್ತು ಫೋಟೊ ಹಚ್ಚಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕ ಗ್ರಾಮ ಪಂಚಾಯಿತಿಗೆ ಅಥವಾ ಪಾಲಿಕೆಯ ವಲಯ ಕಚೇರಿಗೆ ಕೊಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮುದ್ರೆ, ಸಂಖ್ಯೆ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಅರ್ಜಿ ಮುಂದೆ ಯಾರ ನೆನಪಿಗೂ ಬರುವುದಿಲ್ಲ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಅದೇ ಸಂಖ್ಯೆ ಹೇಳಿ ಕೇಳಬಹುದು. ‘ಶಾಲೆಯ ಹತ್ತಿರ ಅಪಾಯ ಇದೆ’ ಎಂದು ಬರೆದರೆ ಉತ್ತರ ಬಾರದು. ‘ಪೂರ್ವದ ಕಂಪೌಂಡ್, 12 ಮೀಟರ್ ಉದ್ದ, 8 ಸೆಂ.ಮೀ. ಹೊರಕ್ಕೆ ವಾಲಿದೆ, ಅದರ ಪಕ್ಕ ದಿನಾ 60 ಮಕ್ಕಳು ಸಾಲು ನಿಲ್ಲುತ್ತಾರೆ’ ಎಂದು ಬರೆಯಿರಿ, ಉತ್ತರ ಬರುವವರೆಗೆ ಮಕ್ಕಳ ಸಾಲನ್ನು ಪಶ್ಚಿಮದ ಕಡೆಗೆ ಬದಲಿಸಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ತುರ್ತಿಗೆ ಜಿಲ್ಲಾ ನಿಯಂತ್ರಣ ಕೊಠಡಿ 1077.

ಹತ್ತನೆಯವರು ಪರೀಕ್ಷೆಗೆ ಕೂರುವ ಮುನ್ನ ನಕ್ಷೆ, ಮಳೆ ಪುಸ್ತಕ, ಬಿರುಕಿನ ಅಳತೆ, ಹಳ್ಳದಾಚೆಯ ಮಕ್ಕಳ ಪಟ್ಟಿ, ಮೇಲಿನ ಊರಿನ ಫೋನ್ ನಂಬರುಗಳನ್ನು ಒಂಬತ್ತನೆಯವರಿಗೆ ಸಹಿ ಮಾಡಿಸಿ ಒಪ್ಪಿಸಬೇಕು. ನಂಬರುಗಳಿಗೆ ಅವರೆದುರೇ ಒಮ್ಮೆ ಕರೆ ಮಾಡಿ ನೋಡಿ. ವರ್ಷದಲ್ಲಿ ಒಂದೆರಡಾದರೂ ಬದಲಾಗಿರುತ್ತವೆ.